ಕಟ್ಟಿದವನ ಹೊಣೆ

ಕಳ್ಳತನದ ಸಂಶಯದಿಂದ ಹಿಡಿಯಲ್ಪಟ್ಟವನ ಕಾಲು ಮುರಿದಿದ್ದರೆ ಅವನನ್ನು ಮೊದಲು ಒಯ್ಯತಕ್ಕದ್ದು ಠಾಣೆಗೋ ಆಸ್ಪತ್ರೆಗೋ? ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನು ಜೀವಿಗಳಲ್ಲಿ ದಯೆಯಿರಬೇಕೆಂದು ಕೊರೆಯಿಸಿ 2,200 ವರ್ಷಗಳು ಕಳೆದವು; ಆದರೂ ಚಳ್ಳಕೆರೆಯ ಸೀಮೆಯಲ್ಲಿ "ಕಳ್ಳನಿಗೆ ಉಪಚಾರವೇ?" ಎನ್ನುವವರುಂಟು. ಪ್ರಿಯ ವಾಚಕರೇ, ಈ ಮಾತನ್ನು ತೂಗಿ ನೋಡೋಣ.

ಗಾಯಪಟ್ಟ ಸ್ವತಂತ್ರನು ತೆವಳಿಕೊಂಡಾದರೂ ವೈದ್ಯನ ಬಾಗಿಲಿಗೆ ಹೋದಾನು, ನೆರೆಯವರನ್ನು ಕೂಗಿಯಾನು. ಹಿಡಿಯಲ್ಪಟ್ಟವನಿಗೆ ಆ ದಾರಿಯಿಲ್ಲ. ಅವನ ಕೈ ಕಟ್ಟಿದವನೇ ಅವನಿಗೆ ಕೈಯಾಗಬೇಕು. ಆದಕಾರಣ ಔಷಧವು ಪೊಲೀಸರು ತೋರಿಸುವ ಕೃಪೆಯಲ್ಲ, ತೀರಿಸತಕ್ಕ ಸಾಲವು. ಫಿಲಿಪ್ಪಿಯ ಸೆರೆಮನೆಯ ಯಜಮಾನನು ಪೌಲ ಸೀಲರ ಕಾಲಿಗೆ ಕೋಳ ಹಾಕಿಸಿದವನು. ಅದೇ ರಾತ್ರಿ ಅವರ ಗಾಯಗಳನ್ನು ತೊಳೆದವನೂ ಅವನೇ.

ಗಾಯಾಳು ನಿರಪರಾಧಿಯಾಗಲಿ ಅಪರಾಧಿಯಾಗಲಿ ವೈದ್ಯನು ಪ್ರಾಣವನ್ನು ಕಾಯತಕ್ಕದ್ದೆಂದು ಸುಪ್ರೀಂ ಕೋರ್ಟು 1989ರಲ್ಲಿ ತೀರ್ಪು ಕೊಟ್ಟಿತು. ಬೇಡಿಯ ವಿಷಯವು ಅಷ್ಟು ಸುಲಭವಲ್ಲ. ಕೈದಿ ತಪ್ಪಿಸಿಕೊಂಡರೆ ಕಾವಲಿನ ಪೇದೆಯೇ ಉತ್ತರ ಹೇಳಬೇಕು; ಅವನ ಭಯವನ್ನು ನಾವು ಹಗುರವಾಗಿ ಎಣಿಸೆವು. ಕೈಕೋಳವನ್ನು ವಾಡಿಕೆಯಾಗಿ ಹಾಕಬಾರದೆಂದು ಅದೇ ಕೋರ್ಟು 1980ರಲ್ಲಿ ಹೇಳಿತು. 2024ರ ಜುಲೈ 1ರಿಂದ ನಡೆಯುವ ಹೊಸ ಕಾನೂನು ಕೊಲೆ ಮುಂತಾದ ಘೋರ ಅಪರಾಧಗಳಲ್ಲಿ ಅದಕ್ಕೆ ಎಡೆಗೊಟ್ಟಿದೆ. ಆದರೂ ಓಡಿಹೋಗದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ನಿರ್ಬಂಧ ಕೂಡದೆಂಬ ಹಳೆಯ ನಿಯಮವು ಅದರಲ್ಲಿಯೂ ಉಳಿದಿದೆ. ಮುರಿದ ಕಾಲಿನವನನ್ನು ಮಂಚಕ್ಕೆ ಸರಪಣಿಯಿಂದ ಬಿಗಿಯುವದು ಯಾವ ಓಟವನ್ನು ತಡೆಯುವದಕ್ಕೆ? ಬಾಗಿಲಲ್ಲಿ ಒಬ್ಬ ಪೇದೆ ಸಾಕು.

ಇನ್ನು, ಪೊಲೀಸರು ಬರುವ ಮೊದಲೇ ಕಳ್ಳನನ್ನು ಮರಕ್ಕೆ ಕಟ್ಟಿ ಹೊಡೆಯುವ ಊರವರಿದ್ದಾರಷ್ಟೆ. ಹೊಡೆಯುವ ಅಧಿಕಾರವನ್ನು ಯಾವ ಕಾನೂನೂ ಅವರಿಗೆ ಕೊಟ್ಟಿಲ್ಲ. ಕಟ್ಟಿದವರು ನಮ್ಮ ಊರವರಾದರೆ, ಹಗ್ಗ ಬಿಚ್ಚಿ ನೀರು ಕೊಟ್ಟು 108ರ ಗಾಡಿಯನ್ನು ಕರೆಯತಕ್ಕವರೂ ನಾವೇ.