ಎರಡು ಹೆಸರಿನ ಮೇಷ್ಟ್ರು

ಗಂಭೀರವಾದ ಕೆಲಸ ಮಾಡುವವನು ಮಕ್ಕಳ ಜೊತೆ ಕೂತಾಗ ಬೇರೆಯೇ ಮನುಷ್ಯನಾಗಬೇಕೆ? ಚಾರ್ಲ್ಸ್ ಡಾಡ್ಜ್‌ಸನ್ ಎಂಬ ಗಣಿತದ ಮೇಷ್ಟ್ರು ಹೌದು ಎಂದೇ ನಂಬಿದ್ದಂತೆ ಕಾಣುತ್ತದೆ.

ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ 1855ರಿಂದ 1881ರವರೆಗೆ ಆತ ಗಣಿತ ಕಲಿಸಿದ. ಯೂಕ್ಲಿಡನ ಪರವಾಗಿ 1879ರಲ್ಲಿ ಬರೆದ ಪುಸ್ತಕದ ಮೇಲೆ ಸ್ವಂತ ಹೆಸರಿದೆ. ಆದರೆ 1865ರ ‘ಆಲಿಸ್’, 1883ರ ಪದ್ಯಸಂಕಲನ, ಐದು ವರ್ಷದೊಳಗಿನ ಮಕ್ಕಳಿಗೆಂದೇ 1890ರಲ್ಲಿ ಬಂದ ಬಣ್ಣದ ಚಿತ್ರಗಳ ‘ನರ್ಸರಿ ಆಲಿಸ್’, ಇವೆಲ್ಲ ಲೂಯಿಸ್ ಕ್ಯಾರಲ್ ಹೆಸರಿನಲ್ಲಿವೆ. ನಮ್ಮ ನಾ. ಕಸ್ತೂರಿಯವರು ಪಾಪಚ್ಚಿಯಾಗಿಸಿ ಪಾತಾಳಕ್ಕೆ ಇಳಿಸಿದ್ದು ಇದೇ ಆಲಿಸಳನ್ನು. ಅದೇ 1890ರಲ್ಲಿ ಆತ ಒಂದು ಸುತ್ತೋಲೆಯನ್ನೂ ಅಚ್ಚು ಹಾಕಿಸಿದ: ತನ್ನ ಹೆಸರಿನಲ್ಲಿ ಬಾರದ ಪುಸ್ತಕಗಳ ಜೊತೆ ತಾನು ಯಾವ ಸಂಬಂಧವನ್ನೂ ಒಪ್ಪುವುದಿಲ್ಲ ಎಂದು.

ಈ ಗೋಡೆ ನಮಗೇನೂ ಹೊಸದಲ್ಲ. ನಾನೀಗ ಇರುವ ಬನಾರಸಿನ ಸೋನಾರ್‌ಪುರದ ಬೀದಿಯಲ್ಲಿ ಹಿಂದಿ, ಬಂಗಾಳಿ. ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್, ಎಸ್ಟಿಮೇಟು, ಡೆಡ್‌ಲೈನು. ರಾತ್ರಿ ಮಗಳಿಗೆ ಕತೆ ಹೇಳುವಾಗ ಕನ್ನಡ. ಗೋಡೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಅಪ್ಪ ಮ್ಯಾನೇಜರಾಗಿಯೇ ಮನೆಯೊಳಗೆ ಬಂದರೆ ಆಟವೂ ಒಂದು ಟಾಸ್ಕ್ ಆಗಿಬಿಡುತ್ತದೆ.

ಆದರೆ ಇದೇ ಕಾಶಿಯಲ್ಲಿ, ಸಂಸ್ಕೃತ ಕಾಲೇಜಿನ ಗಣಿತಜ್ಞ ಸುಧಾಕರ ದ್ವಿವೇದಿ ಗ್ರಿಯರ್ಸನ್ ಜೊತೆ ಸೇರಿ ‘ಪದ್ಮಾವತ’ ಕಾವ್ಯವನ್ನು ಸಂಪಾದಿಸಿದರು; ಅದಕ್ಕೆ ಇನ್ನೊಂದು ಹೆಸರು ಬೇಕಾಗಲಿಲ್ಲ. ಅದಕ್ಕೂ ಬಹಳ ಹಿಂದೆ, 1150ರಲ್ಲಿ, ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಲೆಕ್ಕಗಳನ್ನೆಲ್ಲ ಪದ್ಯದಲ್ಲೇ ಕೇಳಿದ. ಒಂಬತ್ತು ಮೊಳದ ಕಂಬದ ಮೇಲೊಂದು ನವಿಲು, ಬುಡದಲ್ಲಿ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ, ನವಿಲು ಓರೆಯಾಗಿ ಎರಗುತ್ತದೆ. ಎರಡೂ ಸಮದೂರ ಸಾಗಿದರೆ ಹಾವು ಸಿಕ್ಕಿಬೀಳುವುದು ಬಿಲದಿಂದ ಎಷ್ಟು ದೂರದಲ್ಲಿ? 12 ಮೊಳ, ಎರಡೂ ಸಾಗಿದ್ದು 15. ಇದು ಕತೆಯೋ ಲೆಕ್ಕವೋ ಎಂದು ಕೇಳಿದರೆ ಉತ್ತರ ಕಷ್ಟ.

ಡಾಡ್ಜ್‌ಸನ್ನನ ಗೋಡೆಯೂ ಪೂರ್ತಿ ನಿಲ್ಲಲಿಲ್ಲ. ತರ್ಕಶಾಸ್ತ್ರವನ್ನು ಆಟವಾಗಿಸಿ 1886ರಲ್ಲಿ ತಂದ ಪುಸ್ತಕಕ್ಕೂ, 1896ರ ‘ಸಿಂಬಾಲಿಕ್ ಲಾಜಿಕ್’ಗೂ ಆತ ಹಾಕಿದ್ದು ಮೇಷ್ಟರ ಹೆಸರನ್ನಲ್ಲ, ಮಕ್ಕಳಿಗೆ ಗೊತ್ತಿದ್ದ ಕ್ಯಾರಲ್ ಹೆಸರನ್ನು. ತನಗೆ ಪ್ರಿಯವಾದ ವಿದ್ಯೆಯನ್ನು ಕೊಡುವಾಗ, ತನ್ನನ್ನು ಪ್ರೀತಿಸುವವರ ಕಡೆಯಿಂದಲೇ ಬಂದ.

ಹಾಗಾದರೆ ಬಾಗಿಲಾಚೆ ಬಿಡಬೇಕಾದದ್ದು ನಮ್ಮ ದರ್ಪವನ್ನು, ವಿದ್ಯೆಯನ್ನಲ್ಲ. ಗುಬ್ಬಕ್ಕನ ಕತೆಯ ಜೊತೆಗೆ ಹಾವು ನವಿಲಿನ ಲೆಕ್ಕವೂ ಇರಲಿ. ದಾರ ಹಿಡಿದು 9, 12, 15 ಅಳೆದು ತೋರಿಸೋಣ, ಕನ್ನಡದಲ್ಲೇ. ಜೋಗುಳಕ್ಕೆ ಮಾತ್ರ ಕನ್ನಡ, ಯೋಚನೆಗೆಲ್ಲ ಇಂಗ್ಲಿಷ್ ಎಂದು ನಾವು ಹಂಚಿಟ್ಟರೆ, ಕನ್ನಡ ನಿದ್ದೆ ಮಾಡುವ ಹೊತ್ತಿನ ಭಾಷೆ ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ.