ರಾತ್ರಿ ಎಷ್ಟು ಸಲ ಏಳುತ್ತೀರಿ?

ಮನೆಯ ಹಿರಿಯರ ಬಿ.ಪಿ. ಎಷ್ಟು, ಸಕ್ಕರೆ ಎಷ್ಟು, ಮಂಡಿನೋವು ಹೇಗಿದೆ ಎಂಬುದೆಲ್ಲ ಮಕ್ಕಳು ಮೊಮ್ಮಕ್ಕಳಿಗೂ ಗೊತ್ತಿರುತ್ತದೆ. ಅವರು ರಾತ್ರಿ ಒಂದಕ್ಕೆಂದು ಎಷ್ಟು ಸಲ ಏಳುತ್ತಾರೆ ಎಂಬುದು ಮಾತ್ರ ಪಕ್ಕದಲ್ಲಿ ಮಲಗುವವರನ್ನು ಬಿಟ್ಟರೆ ಯಾರಿಗೂ ತಿಳಿದಿರುವುದಿಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ ಸೀರೆ ಒದ್ದೆಯಾಗುತ್ತದೆ ಎಂಬುದನ್ನು ಎಷ್ಟೋ ತಾಯಂದಿರು ಹೆತ್ತ ಮಗಳಿಗೂ ಹೇಳಿರುವುದಿಲ್ಲ.

ಹೀಗೆ ಬಚ್ಚಿಟ್ಟುಕೊಳ್ಳುವಷ್ಟು ಅಪರೂಪದ ತೊಂದರೆಯೇ ಇದು? ಕೆನಡಾ, ಜರ್ಮನಿ, ಇಟಲಿ, ಸ್ವೀಡನ್ ಮತ್ತು ಬ್ರಿಟನ್‌ಗಳಲ್ಲಿ 18 ದಾಟಿದ 19,000ಕ್ಕೂ ಹೆಚ್ಚು ಮಂದಿಯನ್ನು ಫೋನಿನಲ್ಲಿ ವಿಚಾರಿಸಿ ನಡೆಸಿದ ದೊಡ್ಡ ಸಮೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ಮೂತ್ರಕ್ಕೆ ಸಂಬಂಧಿಸಿದ ಒಂದಾದರೂ ತೊಂದರೆ ಇದೆ ಎಂದವರು ಗಂಡಸರಲ್ಲಿ ನೂರಕ್ಕೆ 62, ಹೆಂಗಸರಲ್ಲಿ 66. ರಾತ್ರಿ ಏಳಬೇಕಾಗುವುದೇ ಎಲ್ಲಕ್ಕಿಂತ ಸಾಮಾನ್ಯ. ವಯಸ್ಸು ಏರಿದಂತೆ ಈ ಸಂಖ್ಯೆಯೂ ಏರುತ್ತದೆ. ಇದು ಮುದುಕರ ಪ್ರಾಸ್ಟೇಟ್ ಕಾಯಿಲೆ ಎಂದುಕೊಂಡಿರುವವರು ಹೆಂಗಸರ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು.

ನನ್ನನ್ನು ಕಾಡುವುದು ಈ ಸಂಖ್ಯೆಯಲ್ಲ, 'ವಯಸ್ಸಾಯಿತಲ್ಲ' ಎಂಬ ಒಂದು ಮಾತು. ಹೇಳಬೇಕಾದವರ ಬಾಯನ್ನೂ ಕೇಳಬೇಕಾದವರ ಬಾಯನ್ನೂ ಅದು ಒಟ್ಟಿಗೇ ಮುಚ್ಚಿಸುತ್ತದೆ. ಬಹಳ ಜನರಿಗೆ ಆಗುತ್ತದೆ ಎಂದರೆ ನಾಚಿಕೆ ಬೇಡ ಎಂದರ್ಥವೇ ಹೊರತು ಚಿಕಿತ್ಸೆ ಬೇಡ ಎಂದಲ್ಲ. ಸುಮ್ಮನಿದ್ದವರ ಬದುಕು ಮೆಲ್ಲಮೆಲ್ಲಗೆ ಕಿರಿದಾಗುತ್ತದೆ. ದೂರದ ಮದುವೆಗೆ ಬರುವುದಿಲ್ಲ ಎನ್ನುತ್ತಾರೆ. ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮಲಬದ್ಧತೆಯೂ ಸೇರಿಕೊಂಡು ಮೂತ್ರಕೋಶದ ಅವಸರ ಇನ್ನಷ್ಟು ಹೆಚ್ಚುತ್ತದೆ. ಅದಕ್ಕೆ ಉಷ್ಣ ಎಂಬ ಹೆಸರಿಟ್ಟು ಬಾರ್ಲಿ ನೀರು ಕುಡಿದು ಮತ್ತೆ ಸುಮ್ಮನಾಗುತ್ತಾರೆ. ನಡುರಾತ್ರಿ ನಿದ್ದೆಗಣ್ಣಲ್ಲಿ ಅವಸರದಿಂದ ಎದ್ದು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮಾತ್ರ ವಿಷಯ ಹೊರಬರುತ್ತದೆ.

ರಾತ್ರಿ ಏಳುವುದಕ್ಕೆ ಕಾರಣ ಮೂತ್ರಕೋಶದಲ್ಲೇ ಇರಬೇಕೆಂದಿಲ್ಲ. ಮೂತ್ರವನ್ನು ರಾತ್ರಿ ಹೊತ್ತು ಕಡಿಮೆ ಮಾಡುವ ಹಾರ್ಮೋನು ಇಳಿವಯಸ್ಸಿನಲ್ಲಿ ಸರಿಯಾಗಿ ಕೆಲಸ ಮಾಡದೆ ಇರಬಹುದು. ಹಗಲೆಲ್ಲ ಕುಳಿತು ಕಾಲಿಗಿಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿರಬಹುದು, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇರಬಹುದು. ಸಂಜೆ ನುಂಗುವ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಇದ್ದರೆ, ವೈದ್ಯರು ಅದರ ಹೊತ್ತು ಬದಲಿಸಿದ ಮಾತ್ರಕ್ಕೆ ನಿದ್ದೆ ಮರಳುವುದುಂಟು.

ಗಂಡಸರಲ್ಲಿ ಐವತ್ತರ ದಶಕದಲ್ಲೇ ಸುಮಾರು ಅರ್ಧದಷ್ಟು ಮಂದಿಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದಿರುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಗ್ರಂಥಿ ದೊಡ್ಡದಾದಷ್ಟೂ ತೊಂದರೆ ಹೆಚ್ಚು ಎಂಬ ಲೆಕ್ಕವೂ ಇಲ್ಲ. ಗಂಡಸರಿಗೆಂದು ವೈದ್ಯರು ಬಳಸುವ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆಗಳಿಗೆ 35 ಅಂಕ. ಕೊನೆಗೆ ಇನ್ನೊಂದು ಪ್ರಶ್ನೆ ಇದೆ: ಉಳಿದ ಆಯುಷ್ಯವೆಲ್ಲ ಹೀಗೇ ಕಳೆಯಬೇಕಾದರೆ ನಿಮಗೆ ಹೇಗನ್ನಿಸುತ್ತದೆ? ಎಷ್ಟು ಮನುಷ್ಯತ್ವದ ಪ್ರಶ್ನೆ! ಹೆಂಗಸರನ್ನೂ ಯಾರಾದರೂ ಹೀಗೆ ಕೇಳಬೇಕು. ಹೆರಿಗೆಗಳಿಂದ ಸಡಿಲವಾದ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಲ್ಡ್ ಕೇಗಲ್ 1948ರಲ್ಲೇ ಪ್ರಕಟಿಸಿದರು. ಸರಿಯಾಗಿ ಕಲಿತು ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಹೆಂಗಸರಿಗೆ ಸೋರುವುದು ಕಡಿಮೆಯಾಗುತ್ತದೆ. ಖರ್ಚಿಲ್ಲ, ಸೊಪ್ಪು ಬಿಡಿಸುತ್ತ ಕುಳಿತಲ್ಲೇ ಮಾಡಬಹುದು.

ಮೂತ್ರದಲ್ಲಿ ರಕ್ತ ಕಂಡರೆ, ಉರಿಯ ಜೊತೆ ಚಳಿಜ್ವರ ಬಂದರೆ, ಮೂತ್ರವೇ ಕಟ್ಟಿಕೊಂಡರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಉಳಿದವರು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮೂರು ದಿನ ಬರೆದಿಡಿ: ಎಷ್ಟು ನೀರು, ಎಷ್ಟು ಕಾಫಿ ಕುಡಿದಿರಿ, ಯಾವ್ಯಾವ ಹೊತ್ತಿಗೆ ಎಷ್ಟು ಹೋದಿರಿ. ಮುಂದಿನ ಸಲ ಬಿ.ಪಿ. ತೋರಿಸಲು ಹೋದಾಗ ಆ ಹಾಳೆಯನ್ನು ವೈದ್ಯರ ಮುಂದಿಡಿ. ಕುಳಿತ ಕೂಡಲೇ ಇಡಿ, ಚೀಟಿ ಹಿಡಿದು ಎದ್ದು ಹೊರಟ ಮೇಲಲ್ಲ.