ಆಟಕ್ಕುಂಟು, ಲೆಕ್ಕಕ್ಕಿಲ್ಲ



ನಮ್ಮಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ, ಅನ್ನ ಸಾರಿನಿಂದ ಮಜ್ಜಿಗೆಗೆ ಬರುವ ಹೊತ್ತಿಗೆ ಮಾತು ಮಕ್ಕಳ ಮಾರ್ಕ್ಸಿಗೆ ಬಂದು ನಿಲ್ಲುತ್ತದೆ. “ಡಾಕ್ಟ್ರೇ, ಇವನಿಗೆ ಉಳಿದದ್ದೆಲ್ಲಾ ಬರುತ್ತೆ, ಮ್ಯಾಥ್ಸ್ ಒಂದು ತಲೆಗೆ ಹತ್ತಲ್ಲ. ಒಳ್ಳೆ ಟ್ಯೂಷನ್ ಇದ್ದರೆ ಹೇಳಿ.” ಹುಡುಗ ಅಲ್ಲೇ ಕೂತಿರುತ್ತಾನೆ, ತಟ್ಟೆ ನೋಡುತ್ತಾ. ಊರಿನಲ್ಲಿ ನಾವು ಆಡುವಾಗ ತೀರಾ ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಂಡು, ಔಟಾದರೂ ಎಣಿಸದೆ ಬಿಡುತ್ತಿದ್ದೆವು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗಣಿತ ಬಾರದ ಮಗು ತರಗತಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಕೂತಿರುತ್ತದೆ. ಆ ಮಗುವಿಗೆ ದೊಡ್ಡವರಾದ ನಾವು ಏನು ಕೊಡಬೇಕು? ಟ್ಯೂಷನ್ ಫೀಸು ಕಟ್ಟಿದರೆ ನಮ್ಮ ಹೊಣೆ ತೀರಿತೇ?

ನಾವು ವೃತ್ತಿಯಿಂದ ವೈದ್ಯರು, ಗಣಿತದ ಮೇಷ್ಟ್ರಲ್ಲ. ಆದರೂ ಮಕ್ಕಳ ವಾರ್ಡಿನ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಗು ಮೊಣಕಾಲು ನೋವು ಎಂದು ಬಂದರೆ ಸೊಂಟದ ಕೀಲನ್ನು ನೋಡದೆ ಕಳಿಸಬೇಡಿ ಎಂದು ಹೊಸ ರೆಸಿಡೆಂಟ್‌ಗಳಿಗೆ ಹೇಳಿಕೊಡುತ್ತಾರೆ. ಎರಡಕ್ಕೂ ಹೋಗುವ ನರಗಳು ಹಂಚಿಕೆಯಾಗಿರುವುದರಿಂದ, ಸೊಂಟದ ಕಾಯಿಲೆ ಎಷ್ಟೋ ಸಲ ಮೊಣಕಾಲಿನಲ್ಲಿ ನೋಯುತ್ತದೆ. ಮೊಣಕಾಲಿಗೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ.

ಒಂಬತ್ತನೇ ತರಗತಿಯ ಹುಡುಗಿಗೆ ಬೀಜಗಣಿತದಲ್ಲಿ ನೋವು. ಪಕ್ಕದಲ್ಲಿ ಕೂತು ನಿಧಾನವಾಗಿ ಕೇಳುತ್ತಾ ಹೋದರೆ, ಅವಳು 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯುತ್ತಾಳೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧ ಚಪಾತಿಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ ಎಂದು ಅವಳನ್ನು ಯಾರೂ ಕೇಳಿಲ್ಲ. ಕಾಯಿಲೆ ಇರುವುದು ಐದನೇ ತರಗತಿಯ ಭಿನ್ನರಾಶಿಯಲ್ಲಿ, ನೋಯುತ್ತಿರುವುದು ಒಂಬತ್ತರಲ್ಲಿ. (ಭಿನ್ನರಾಶಿಗಳನ್ನು ಲ.ಸಾ.ಅ. ತೆಗೆದು ಕೂಡಿಸುವ ಕ್ರಮವನ್ನು ಬರೆದಿಟ್ಟ ಮಹಾವೀರಾಚಾರ್ಯ ನಮ್ಮ ನೃಪತುಂಗನ ಕಾಲದವನು, ಒಂಬತ್ತನೇ ಶತಮಾನದ ‘ಗಣಿತಸಾರಸಂಗ್ರಹ’ದ ಕರ್ತೃ. ಸಾವಿರದ ನೂರಕ್ಕೂ ಹೆಚ್ಚು ವರ್ಷ ಕಳೆದರೂ ಮಕ್ಕಳು ಎಡವುವ ಕಲ್ಲು ಅದೇ!)

ಈ ಮೂಲವನ್ನು ಹುಡುಕುವವರು ಯಾರು? ಶಾಲೆಯನ್ನು ದೂರುವುದು ಸುಲಭ, ಆದರೆ ಲೆಕ್ಕ ಹಾಕಿ ನೋಡಿ. ಸಿಬಿಎಸ್‌ಇ ಪ್ರಕಾರ ಒಂದು ವಿಭಾಗಕ್ಕೆ 40 ಮಕ್ಕಳು. ಪೀರಿಯಡ್ಡು ಸುಮಾರು 40 ನಿಮಿಷ. ಟೀಚರು ಬೋರ್ಡಿಗೆ ಬೆನ್ನು ತಿರುಗಿಸದೇ ಇದ್ದರೂ ತಲೆಗೊಂದು ನಿಮಿಷ. ಹಾಗಾಗಿ ಒಬ್ಬರೇ ಕೂತು ಕಲಿಸುವುದಕ್ಕೆ ಬೆಲೆ ಇದೆ. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನ ಇದಕ್ಕೆ ಪ್ರಸಿದ್ಧ. ಒಬ್ಬೊಬ್ಬರಾಗಿ ಪಾಠ ಹೇಳಿಸಿಕೊಂಡವರಲ್ಲಿ ಸಾಧಾರಣ ಮಗು ಕೂಡ, ಸಾಮಾನ್ಯ ತರಗತಿಯ ಶೇಕಡ 98 ಮಕ್ಕಳಿಗಿಂತ ಮುಂದಿತ್ತು ಎಂದರು. ನಂತರದ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂತರ ಕಂಡಿಲ್ಲ, ಲಾಭವಂತೂ ಕಂಡಿದೆ. ಅದಕ್ಕಿಂತ ಮುಖ್ಯವಾದದ್ದು, ಬ್ಲೂಮ್ ಹೇಳಿದ ಪಾಠದಲ್ಲಿ ಆಗಾಗ ಪರೀಕ್ಷಿಸಿ, ತಪ್ಪಿದ್ದನ್ನು ತಿದ್ದಿಸಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು ಎಂಬುದು.

ನಮ್ಮ ಟ್ಯೂಷನ್ನುಗಳಲ್ಲಿ ಹಾಗೆ ನಡೆಯುವುದು ಅಪರೂಪ. ಮಾಸ್ತರರದೂ ತಪ್ಪಲ್ಲ. ನಾವು ಅವರಿಗೆ ಹಣ ಕೊಡುವುದು ಮುಂದಿನ ಯೂನಿಟ್ ಟೆಸ್ಟಿನ ಮಾರ್ಕ್ಸಿಗಾಗಿ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಮೂರು ವಾರ ಐದನೇ ಕ್ಲಾಸಿನ ಪಾಠ ಮಾಡಿದರೆ ನಾವೇ ಮಾಸ್ತರನ್ನು ಬದಲಾಯಿಸುತ್ತೇವೆ. ಆದ್ದರಿಂದ ಅವರು ಲೆಕ್ಕ ಬಿಡಿಸುತ್ತಾರೆ, ಮಗು ಅಚ್ಚುಕಟ್ಟಾಗಿ ನೋಟಿಗೆ ಇಳಿಸಿಕೊಳ್ಳುತ್ತದೆ. ಆರು ವಾರ ಪ್ಲಾಸ್ಟರಿನಲ್ಲಿದ್ದ ಕಾಲಿನ ಸ್ನಾಯು ಸೊರಗುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಕಾಲಿಗೆ ಆಸರೆಯೇನೋ ಸಿಕ್ಕಿರುತ್ತದೆ, ಆದರೆ ಅದು ಕೆಲಸ ಮಾಡಿರುವುದಿಲ್ಲ.

ಇಲ್ಲಿಯೇ ನಿಜವಾದ ಧರ್ಮಸಂಕಟ. ಹಿಂದಕ್ಕೆ ಹೋಗಿ ಬುಡ ಸರಿಪಡಿಸಿದರೆ ಈ ವರ್ಷದ ಮಾರ್ಕ್ಸು ಇನ್ನೂ ಇಳಿಯಬಹುದು. ಆ ನಷ್ಟ ಹೊರುವವರು ಯಾರು? ನಾವಲ್ಲ, ಮಗು. ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದೂ ಅದೇ. ಅದನ್ನು ಒಂದು ಮಾತೂ ಕೇಳದೆ “ನಿನ್ನ ಒಳ್ಳೆಯದಕ್ಕೇ” ಎಂದು ಹಿಂದಕ್ಕೆ ಕೂರಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆಪರೇಷನ್ನಿಗೆ ಮುಂಚೆ ರೋಗಿಯ ಒಪ್ಪಿಗೆ ಪಡೆಯುತ್ತೇವಲ್ಲ, ಹದಿನಾಲ್ಕು ವರ್ಷದ ಮಗುವಿಗೆ ಇಷ್ಟನ್ನಾದರೂ ಬಿಡಿಸಿ ಹೇಳಬಹುದು: “ಈ ಟೆಸ್ಟಿನಲ್ಲಿ ಕಡಿಮೆ ಬಂದರೂ ಬೈಯುವುದಿಲ್ಲ. ಬುಡದಿಂದ ನೋಡೋಣವಾ?” ಹೇಳಿದ ಮೇಲೆ ಬೈಯಲೂ ಬಾರದು. ಅಪ್ಪಂದಿರಿಗೆ ಕಷ್ಟವಾಗುವುದು ಎರಡನೆಯದು.

ಎಲ್ಲರಿಗೂ ಇದೇ ಮದ್ದು ಎನ್ನಲಾರೆವು. ಈ ದೇಶದಲ್ಲಿ ನಮ್ಮ ಸಂಸಾರಗಳ ಕಾಲಾವಧಿ ನಮ್ಮ ಕೈಯಲ್ಲಿಲ್ಲ. 2017ರ ಜುಲೈಯಲ್ಲಿ ಕುಟುಂಬದವರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲಿನ ಶುಲ್ಕ ಬಂತು, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 14,400 ರಿಯಾಲ್. ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳಿಸಿದರು. ಮಕ್ಕಳು ನಡುವೆಯೇ ಶಾಲೆ ಬದಲಿಸಿದರು, ಕೆಲವರು ಸಿಲಬಸ್ಸನ್ನೂ ಬದಲಿಸಿದರು. ಉಳಿದ ಮನೆಗಳಲ್ಲಿ ಟ್ಯೂಷನ್ನಿನ ಹಣವೇ ಮೊದಲು ಕಡಿತವಾಗುವುದು. ಬೋರ್ಡ್ ಪರೀಕ್ಷೆಗೆ ಮೂರು ತಿಂಗಳಿರುವ ಮಗುವಿಗೆ ಭಿನ್ನರಾಶಿಯ ತತ್ತ್ವ ಹೇಳುತ್ತಾ ಕೂರುವುದು ಕರುಣೆಯಲ್ಲ. ಅಲ್ಲಿ ಪರೀಕ್ಷೆಗೆ ಬೇಕಾದ್ದನ್ನು ಕಲಿಸಿ ದಡ ಮುಟ್ಟಿಸಬೇಕು. 2020ರ ಪರೀಕ್ಷೆಯಿಂದ ಸಿಬಿಎಸ್‌ಇ ಹತ್ತನೇ ತರಗತಿಯ ಗಣಿತದಲ್ಲಿ ಸ್ಟಾಂಡರ್ಡ್, ಬೇಸಿಕ್ ಎಂದು ಎರಡು ಪ್ರಶ್ನೆಪತ್ರಿಕೆ ಇಟ್ಟಿದೆ. ಪಾಠ ಒಂದೇ, ಪ್ರಶ್ನೆಗಳ ಬಿಗಿ ಬೇರೆ. ಮುಂದೆ ಗಣಿತ ಬೇಡವೆನ್ನುವ ಮಗು ಬೇಸಿಕ್ ಬರೆದರೆ ಮನೆತನದ ಮರ್ಯಾದೆ ಹೋಗುವುದಿಲ್ಲ. ಬೇಸಿಕ್ ಬರೆದಳೆಂದು ಊರಿನ ಅಜ್ಜ ಅಜ್ಜಿಗೆ ಫೋನಿನಲ್ಲಿ ಮುಚ್ಚಿಟ್ಟರೆ ಅವಳಿಗೆ ಅದು ತಿಳಿಯದೇ ಇರುತ್ತದೆಯೇ?

ನೂರರಲ್ಲಿ ಮೂರರಿಂದ ಆರು ಮಕ್ಕಳಿಗೆ ಸಂಖ್ಯೆಗಳ ಅರಿವಿನಲ್ಲೇ ಹುಟ್ಟಿನಿಂದ ಬಂದ ತೊಡಕು ಇರುತ್ತದೆ, ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ಅದು ಸೋಮಾರಿತನವಲ್ಲ. ತಜ್ಞರಿಗೆ ತೋರಿಸಿ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಕಲಿಕೆಯ ತೊಡಕುಗಳನ್ನೂ ಗುರುತಿಸಿದೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಅದಕ್ಕೂ ಮುಂಚೆ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡೇ ಕಾಣದ ಮಗುವಿಗೆ ಲೆಕ್ಕ ಹೇಗೆ ಬಂದೀತು?

ಉಳಿದ ಮಕ್ಕಳ ಮಾತಿಗೆ ಬಂದರೆ, ಬುಡ ಸರಿಪಡಿಸುವ ಕೆಲಸ ಮಾರ್ಕ್ಸಿನ ಹಂಗಿಲ್ಲದವರಿಂದಲೇ ಆಗಬೇಕು, ಎಂದರೆ ನಮ್ಮಿಂದ. ಸಂಘದಲ್ಲಿ ಇಂಜಿನಿಯರುಗಳಿಗೇನೂ ಬರವಿಲ್ಲ. ಇಂಜಿನಿಯರಲ್ಲದ ತಾಯಂದಿರು “ನನಗೆ ಇಂಗ್ಲಿಷ್ ಮ್ಯಾಥ್ಸ್ ಬರಲ್ಲಪ್ಪ” ಎಂದು ಹಿಂದೆ ಸರಿಯುತ್ತಾರೆ. ಆದರೆ ನಾಲ್ಕು ಪಾವಿಗೆ ಒಂದು ಸೇರು ಎಂದು ಅಳೆದ ಮನೆಗಳಿಂದ ಬಂದವರು ಅವರು. ಆರು ಜನರ ಅಡಿಗೆಯನ್ನು ಒಂಬತ್ತು ಜನರಿಗೆ ಹಿಗ್ಗಿಸುವವರಿಗೆ ಅನುಪಾತ ಬರುವುದಿಲ್ಲವೇ? ಕಾಲು, ಅರ್ಧ, ಮುಕ್ಕಾಲು ಎಂದು ಕನ್ನಡದಲ್ಲೇ ಕೇಳಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಸರಿ.

ಶುಕ್ರವಾರ ಮಧ್ಯಾಹ್ನದ ಒಂದು ಗಂಟೆ ಸಾಕು, ಒಬ್ಬರಿಗೆ ಒಂದು ಮಗು, ಸಾಧ್ಯವಾದರೆ ತಮ್ಮದಲ್ಲದ ಮಗು. ಸ್ವಂತ ಮಗುವಾದರೆ ಎರಡನೇ ತಪ್ಪಿಗೇ ದನಿ ಏರುತ್ತದೆ. ಹೆದರಿದ ಮಗುವಿನ ತಲೆಯಲ್ಲಿ, ಲೆಕ್ಕವನ್ನು ಹಿಡಿದಿಟ್ಟುಕೊಳ್ಳಬೇಕಾದ ಜಾಗವನ್ನೆಲ್ಲ ಹೆದರಿಕೆಯೇ ಆಕ್ರಮಿಸುತ್ತದೆ. “ಇಷ್ಟೂ ಬರಲ್ವಾ?” ಎನ್ನುವ ಬದಲು “ಇದು ಹೇಗೆ ಬಂತು, ಹೇಳು” ಎನ್ನಬೇಕು. ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ. ಮಗು ಅದನ್ನು ಹೇಳುತ್ತಾ ಹೋದಂತೆ ಅರ್ಧ ಸಲ ತಾನೇ ನಿಂತು ತಿದ್ದಿಕೊಳ್ಳುತ್ತದೆ. ಪೆನ್ಸಿಲು ಮಗುವಿನ ಕೈಯಲ್ಲೇ ಇರಲಿ. ನಮ್ಮ ಇಂಜಿನಿಯರ್ ಮಿತ್ರರೊಬ್ಬರು ಈ ಒಂದು ಷರತ್ತಿಗೇ ತತ್ತರಿಸಿದರು. ಮಗು ಯೋಚಿಸುವ ಎರಡು ನಿಮಿಷ ಅವರಿಗೆ ಎರಡು ಗಂಟೆ. ಈಗ ಪಕ್ಕದಲ್ಲಿ ಕಡಲೆಕಾಯಿ ತಟ್ಟೆ ಇಟ್ಟುಕೊಂಡು, ಸಿಪ್ಪೆ ಬಿಡಿಸುತ್ತಾ ಸುಮ್ಮನೆ ಕೂರುತ್ತಾರೆ.